ಕಿಸುಮುವಿನ ಹೆಂಗಸರ ಗುಂಪು: ವ್ಯಾಪಾರಕ್ಕೂ ದುಡ್ಡು ಬೇಕು, ಹೋರಾಟಕ್ಕೂ ಬೇಕು. ಎಲ್ಲಿ ಕೇಳೋದು?

ಸರೋವರದ ದಡ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯವನು. ಈಗ ಕೀನ್ಯಾದ ಕಿಸುಮುವಿನಲ್ಲಿ ಒಂದು ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ವಿಕ್ಟೋರಿಯಾ ಸರೋವರದ ದಡದ ಊರು ಇದು. ಬೆಂಗಳೂರಿನ ಕೆರೆಗಳನ್ನು ಮುಚ್ಚಿಹಾಕುವ ನೇರಳೆ ಹೂವಿನ ಕಳೆ ಇದೆಯಲ್ಲ, ವಾಟರ್ ಹಯಸಿಂತ್, ಅದೇ ಇಲ್ಲಿಯೂ ದೊಡ್ಡ ತಲೆನೋವು. ಗಾಳಿ ಬೀಸಿದ ಕಡೆಗೆ ತೇಲಿ ಬಂದು ಮೀನುಗಾರರ ದೋಣಿಗೆ ದಾರಿಯೇ ಇಲ್ಲದಂತೆ ಮಾಡುತ್ತದೆ.

ನಮ್ಮ ಮನೆಯ ಹತ್ತಿರ ಇಪ್ಪತ್ತು ಚಿಲ್ಲರೆ ಹೆಂಗಸರ ಒಂದು ಚಾಮಾ ಇದೆ. ನಮ್ಮಲ್ಲಿನ ಚೀಟಿಯೂ ಸ್ತ್ರೀಶಕ್ತಿ ಸಂಘವೂ ಒಂದಾದಂಥ ಗುಂಪು. ಈ ಕಳೆಯ ದಂಟನ್ನು ಒಣಗಿಸಿ ಬುಟ್ಟಿ, ಚಾಪೆ ಹೆಣೆದು ಮಾರುತ್ತಾರೆ. ಸರೋವರಕ್ಕೆ ಕೊಳಚೆ ನೀರು ಬಿಡುವವರ ವಿರುದ್ಧ ಕೌಂಟಿ (ನಮ್ಮ ಜಿಲ್ಲೆಯಂತೆ) ಕಚೇರಿಗೆ ಅರ್ಜಿ ಕೊಡುವುದು, ಸಭೆ ಮಾಡುವುದು, ಮೆರವಣಿಗೆ ಹೋಗುವುದು, ಇದೆಲ್ಲವೂ ಇದೇ ಹೆಂಗಸರ ಕೆಲಸ. ಈಗ ಅವರಿಗೆ ಎರಡಕ್ಕೂ ಹಣ ಬೇಕಾಗಿದೆ. ಲೆಕ್ಕದವನು ಅಂತ ನನ್ನನ್ನು ಕೇಳಿದರು.

ನೆಟ್ಟಿನಲ್ಲಿ ಹುಡುಕಿದರೆ ಪಟ್ಟಿಗಳಿಗೆ ಬರವಿಲ್ಲ. ಅರ್ಧದ ಕೊನೆಯ ದಿನಾಂಕ ಎಂದೋ ಮುಗಿದಿದೆ. ಇನ್ನರ್ಧ ಯಾರಿಗೆ ಅಂತಲೇ ತಿಳಿಯುವುದಿಲ್ಲ. ಇದರ ನಡುವೆ ಗುಂಪಿನ ಒಬ್ಬಾಕೆ 'ವಿದೇಶಿ ಅನುದಾನ ಕೊಡಿಸುತ್ತೇನೆ' ಅಂದವನಿಗೆ ಫೈಲ್ ಖರ್ಚು ಅಂತ ದುಡ್ಡನ್ನೂ ಕೊಟ್ಟಿದ್ದಾಳೆ. ಆಫ್ರಿಕಾದಲ್ಲಿ ಈ ಕೆಲಸ ಹತ್ತಿರದಿಂದ ನೋಡಿದವರು ಇಲ್ಲಿ ಇದ್ದೀರಿ ಅಂತ ಗೊತ್ತು. ದಾರಿ ಹೇಳಿ.

ಹುಬ್ಳಿಯಾಂವ

ಆ ಫೈಲ್ ಖರ್ಚು ಹೋಯಿತು ಅಂತ ತಿಳ್ಕೊಳ್ರಿ. ಕೊಡುವವರು ಯಾರೂ ಮೊದಲು ಇಸ್ಕೊಳ್ಳುವುದಿಲ್ಲ. ಇದು ಕಿಸುಮುವಿಗೂ ಸರಿ, ಹುಬ್ಬಳ್ಳಿಗೂ ಸರಿ.

ಸವಿತಾ, ಕಂಪಾಲಾ

ಸರ್, ಪಟ್ಟಿ ಆಮೇಲೆ ಕೊಡೋಣ. ಮೊದಲು ನನಗೆ ಮೂರು ವಿಷಯ ಹೇಳಿ. ಗುಂಪು ನೋಂದಣಿ ಆಗಿದೆಯಾ? ಹಣ ಎಲ್ಲಿ ಇಡುತ್ತಾರೆ? ಸಭೆಯ ನಡಾವಳಿ ಬರೆಯುವ ಪುಸ್ತಕ ಇದೆಯಾ?

ಸರೋವರದ ದಡ

ಮೇಡಂ, ಸೋಷಿಯಲ್ ಸರ್ವಿಸಸ್ ಕಚೇರಿಯ ನೋಂದಣಿ ಪತ್ರ ಇದೆ. ಪುಸ್ತಕವೂ ಇದೆ, ಆದರೆ ಯಾರು ಎಷ್ಟು ಕೊಟ್ಟರು ಅನ್ನುವುದು ಮಾತ್ರ ಬರೆದಿದ್ದಾರೆ. ಹಣ ಅಧ್ಯಕ್ಷೆಯ ಎಂ-ಪೆಸಾದಲ್ಲಿದೆ, ಅಂದರೆ ಫೋನಿನಲ್ಲೇ ಹಣ ಇಟ್ಟು ಕಳಿಸುವ ಖಾತೆಯಲ್ಲಿ. ಆಕೆ ಒಳ್ಳೆಯವಳೇ, ಎಲ್ಲರಿಗೂ ನಂಬಿಕೆ ಇದೆ.

ಸವಿತಾ, ಕಂಪಾಲಾ

ಆಕೆ ಒಳ್ಳೆಯವಳೇ ಇರಬಹುದು. ಆದರೆ ಫೋನ್ ಕಳೆದರೆ? ಆಕೆ ಆಸ್ಪತ್ರೆ ಸೇರಿದರೆ? ಅನುದಾನ ಕೊಡುವವರು ಮೊದಲು ನೋಡುವುದೇ ಇದನ್ನು. ಒಬ್ಬರ ಹೆಸರಿನ ಫೋನಿನಲ್ಲಿ ಗುಂಪಿನ ಹಣ ಇದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಗುಂಪಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಸಿ, ಮೂವರ ಸಹಿ ಇಡಿ. ಎಂ-ಪೆಸಾ ಬೇಕೇ ಬೇಕು ಅಂದರೆ ಗುಂಪಿನ ಹೆಸರಿನ ಟಿಲ್ ನಂಬರ್, ಅಂದರೆ ಅಂಗಡಿಯವರು ಹಣ ಪಡೆಯುವ ನಂಬರ್, ತೆಗೆಸಿ. ಬುಟ್ಟಿ ಮಾರಿದ ಪ್ರತಿ ಶಿಲ್ಲಿಂಗ್ ಅದರಲ್ಲೇ ಬರಲಿ. ಆರು ತಿಂಗಳ ಆ ಸ್ಟೇಟ್‌ಮೆಂಟ್ ಮುಂದೆ ನಿಮ್ಮ ದೊಡ್ಡ ದಾಖಲೆ ಆಗುತ್ತದೆ. ಮೊದಲೆಲ್ಲ ಬಡವರ ವ್ಯಾಪಾರಕ್ಕೆ ಕಾಗದವೇ ಇರಲಿಲ್ಲ. 2007ರಲ್ಲಿ ಎಂ-ಪೆಸಾ ಬಂದ ಮೇಲೆ ತಾನಾಗಿ ಕಾಗದ ಹುಟ್ಟಿತು.

ನೈಜರ್ ದೇಶದ ಮರಾದಿಯಲ್ಲಿ 1991ರಲ್ಲಿ ಕೇರ್ ಅನ್ನುವ ನೆರವಿನ ಸಂಸ್ಥೆ ಶುರು ಮಾಡಿದ ಒಂದು ಉಳಿತಾಯ ಪದ್ಧತಿ ಇದೆ. ಈಗ ಆಫ್ರಿಕಾ ತುಂಬ ಹರಡಿದೆ. ಹದಿನೈದರಿಂದ ಇಪ್ಪತ್ತೈದು ಜನ, ಒಂದು ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಮೂರು ಬೀಗ. ಬೀಗದ ಕೈಗಳು ಮೂರು ಬೇರೆ ಮನೆಗಳಲ್ಲಿ, ಪೆಟ್ಟಿಗೆ ನಾಲ್ಕನೆಯವಳ ಮನೆಯಲ್ಲಿ. ಪ್ರತಿ ಸಭೆಯಲ್ಲಿ ಒಬ್ಬೊಬ್ಬರು ಒಂದರಿಂದ ಐದು ಷೇರು ಕೊಳ್ಳಬಹುದು. ಆ ಹಣವನ್ನೇ ಒಳಗೆ ಸಾಲ ಕೊಡುತ್ತಾರೆ. ವರ್ಷದ ಕೊನೆಗೆ ಬಡ್ಡಿ ಸಮೇತ ಎಲ್ಲವನ್ನೂ ಹಂಚಿ ಪೆಟ್ಟಿಗೆ ಖಾಲಿ ಮಾಡುತ್ತಾರೆ. ಖಾಲಿ ಮಾಡುವುದು ಮುಖ್ಯ. ಲೆಕ್ಕ ಸರಿ ಇದೆಯೋ ಇಲ್ಲವೋ ಅವತ್ತು ಎಲ್ಲರ ಕಣ್ಣೆದುರೇ ತಿಳಿಯುತ್ತದೆ. ಕಷ್ಟಕ್ಕೆ ಅಂತ ಒಂದು ಸಣ್ಣ ನಿಧಿ ಬೇರೆ ಇರುತ್ತದೆ.

ಹೀಗೆ ಸೇರಿ ಉಳಿಸುವುದು ಹೊಸದೇನಲ್ಲ. ಘಾನಾದಲ್ಲಿ ಸುಸು, ನೈಜೀರಿಯಾದ ಯೊರುಬಾ ಜನರಲ್ಲಿ ಅಜೊ, ಇಥಿಯೋಪಿಯಾದಲ್ಲಿ ಇಕುಬ್, ದಕ್ಷಿಣ ಆಫ್ರಿಕಾದಲ್ಲಿ ಸ್ಟೋಕ್‌ವೆಲ್, ಕ್ಯಾಮರೂನಿನಲ್ಲಿ ತೊಂತೀನ್. ಯಾವ ದಾನಿಯೂ ಬರುವ ಮೊದಲೇ ಇದ್ದವು. ದಾನಿ ಹೋದ ಮೇಲೂ ಇರುತ್ತವೆ.

ಅಂಕಿ ಸಂಖ್ಯೆ

ಸವಿತಾ ಮೇಡಂ ಹೇಳಿದ್ದು ಸರಿ, ಆದರೆ ನನಗೆ ಒಂದು ತಕರಾರು ಇದೆ. ಬಡವರಿಗೆ 'ಮೊದಲು ಉಳಿತಾಯ ಮಾಡಿ' ಅನ್ನುವ ಉಪದೇಶ ಸುಲಭ. ವಾರಕ್ಕೆ ನೂರು ಶಿಲ್ಲಿಂಗ್ ಸೇರಿಸಿ ಯಾವಾಗ ಹೆಣೆಯುವ ಶೆಡ್ ಕಟ್ಟೋದು? ಒಂದೇ ಸಲ ಒಂದಿಷ್ಟು ದೊಡ್ಡ ಮೊತ್ತ ಕೈಗೆ ಬಂದರೆ ಏನಾಗುತ್ತದೆ ಅನ್ನುವುದನ್ನು ಕಿಸುಮುವಿನ ಪಕ್ಕದಲ್ಲೇ ಅಳೆದು ನೋಡಿದ್ದಾರೆ.

ಗಿವ್‌ಡೈರೆಕ್ಟ್‌ಲಿ ಅಂತ ಒಂದು ಸಂಸ್ಥೆ. ಕೀನ್ಯಾದ ಸಿಯಾಯಾ ಮತ್ತು ಬೊಮೆಟ್ ಕೌಂಟಿಗಳ ಹಳ್ಳಿಗಳಲ್ಲಿ ಷರತ್ತೇ ಇಲ್ಲದೆ ಜನರ ಫೋನಿಗೆ ಹಣ ಹಾಕಿತು. ಕೆಲವು ಹಳ್ಳಿಗಳಿಗೆ ತಲೆಗೆ ಸುಮಾರು 500 ಡಾಲರ್ ಒಂದೇ ಗಂಟಿನಲ್ಲಿ. ಕೆಲವಕ್ಕೆ ತಿಂಗಳಿಗೆ ಸುಮಾರು 22 ಡಾಲರಿನಂತೆ ಎರಡು ವರ್ಷ. ಇನ್ನು ಕೆಲವಕ್ಕೆ ಅಷ್ಟೇ ಹಣ, ಆದರೆ ಹನ್ನೆರಡು ವರ್ಷದ ಭರವಸೆ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಅವರ ಜೊತೆಗಾರರು ಇದನ್ನು ಅಧ್ಯಯನ ಮಾಡಿದರು. ಗಂಟಾಗಿ ಸಿಕ್ಕವರು ಹೊಸ ವ್ಯಾಪಾರ ಜಾಸ್ತಿ ಶುರು ಮಾಡಿದರು. ಎರಡು ವರ್ಷದ ಮಾಸಾಶನದಿಂದ ಅಷ್ಟು ಆಗಲಿಲ್ಲ. ಅಂದರೆ ಹನಿ ಹನಿಯಾಗಿ ಕೊಟ್ಟದ್ದಕ್ಕಿಂತ ಒಟ್ಟಿಗೆ ಕೊಟ್ಟದ್ದೇ ವ್ಯಾಪಾರಕ್ಕೆ ಆಯಿತು.

ಹಾಗಾಗಿ ಆ ಗುಂಪಿಗೆ ಪೆಟ್ಟಿಗೆ, ಬೀಗ ಅಂತ ಪಾಠ ಹೇಳುವುದಕ್ಕಿಂತ ಬಂಡವಾಳ ಹುಡುಕಿಕೊಡಿ.

ಸವಿತಾ, ಕಂಪಾಲಾ

ಅದೇ ಅಧ್ಯಯನದ ಇನ್ನೊಂದು ಭಾಗ ಬಿಟ್ಟಿರಲ್ಲ! ಹನ್ನೆರಡು ವರ್ಷದ ಭರವಸೆ ಇದ್ದವರೂ ಗಂಟು ಸಿಕ್ಕವರಷ್ಟೇ ಚೆನ್ನಾಗಿ ವ್ಯಾಪಾರ ಶುರು ಮಾಡಿದ್ದರು. ಹೇಗೆ ಗೊತ್ತಾ? ತಿಂಗಳ ಹಣವನ್ನು ಚಾಮಾಕ್ಕೆ ಹಾಕಿ, ತಮ್ಮ ಸರದಿ ಬಂದಾಗ ಗಂಟಾಗಿ ತೆಗೆದುಕೊಂಡರು. ಗಂಟು ಬೇಕು ಅನ್ನುವುದರಲ್ಲಿ ನನ್ನದೂ ನಿಮ್ಮದೂ ಒಂದೇ ಮಾತು. ಆದರೆ ಆ ಸಂಸ್ಥೆ ನೀವು ಅರ್ಜಿ ಹಾಕಿದ ಊರಿಗೆ ಬರುವುದಿಲ್ಲ, ತಾನೇ ಹಳ್ಳಿ ಆರಿಸುತ್ತದೆ. ಅದನ್ನು ಕಾಯುತ್ತ ಕೂರುವುದಕ್ಕೆ ಆಗುತ್ತದಾ?

ಅಂಕಿ ಸಂಖ್ಯೆ

ಒಪ್ಪಿದೆ. ಚಾಮಾದ ಭಾಗ ನಾನು ಹೇಳಬೇಕಿತ್ತು. ಆದರೂ ನನ್ನ ಮೂಲ ಮಾತು ನಿಲ್ಲುತ್ತದೆ.

ಲಾಗೋಸ್ ಭಟ್ರು

ಗಂಟಿನ ಮಾತು ಬಂತು ಅಂತ ಹೇಳುತ್ತೇನೆ. ನಮ್ಮ ನೈಜೀರಿಯಾ ಸರ್ಕಾರ 2011ರಲ್ಲಿ ಯೂವಿನ್ ಅಂತ ವ್ಯಾಪಾರ ಯೋಜನೆಗಳ ಸ್ಪರ್ಧೆ ನಡೆಸಿತು. 1,200 ಜನರಿಗೆ ತಲಾ ಸರಾಸರಿ 50,000 ಡಾಲರ್. ವಿಶ್ವಬ್ಯಾಂಕಿನ ಡೇವಿಡ್ ಮೆಕೆಂಜಿ ಮೂರು ವರ್ಷ ಬೆನ್ನುಹತ್ತಿ ನೋಡಿದರು. ಗೆದ್ದವರಲ್ಲಿ ಹತ್ತಕ್ಕಿಂತ ಹೆಚ್ಚು ಜನರಿಗೆ ಕೆಲಸ ಕೊಡುವ ಮಟ್ಟಕ್ಕೆ ಬೆಳೆದವರು ಎಷ್ಟೋ ಜಾಸ್ತಿ. ಆದರೆ ಅದು ಓದಿದ, ಕಂಪ್ಯೂಟರ್ ಬಲ್ಲ ಪಟ್ಟಣದವರ ಆಟ. ಬುಟ್ಟಿ ಹೆಣೆಯುವವರಿಗೆ ಅದು ದೂರ.

ಈಗ ಎಲ್ಲರ ಬಾಯಲ್ಲಿರುವುದು ಟೋನಿ ಎಲುಮೆಲು ಫೌಂಡೇಶನ್. ನೈಜೀರಿಯಾದ ಬ್ಯಾಂಕರ್ ಒಬ್ಬರದು. 2015ರಿಂದ ಆಫ್ರಿಕಾದ 54 ದೇಶಗಳವರಿಗೂ ತೆರೆದಿದೆ. ತರಬೇತಿ ಮುಗಿಸಿ ಆಯ್ಕೆಯಾದರೆ 5,000 ಡಾಲರ್, ವಾಪಸ್ ಕೊಡಬೇಕಾಗಿಲ್ಲ. ಕೀನ್ಯಾದ ಲೆಕ್ಕದಲ್ಲಿ ಆರು ಲಕ್ಷ ಶಿಲ್ಲಿಂಗಿನ ಮೇಲೆ. ಸಾಮಾನ್ಯವಾಗಿ ಜನವರಿ 1ಕ್ಕೆ ತೆರೆದು ಮಾರ್ಚ್ 1ಕ್ಕೆ ಮುಚ್ಚುತ್ತದೆ. ಅರ್ಜಿಗೆ ಶುಲ್ಕ ಇಲ್ಲ. ಇದರ ಹೆಸರು ಹೇಳಿಕೊಂಡು ವಾಟ್ಸಾಪಿನಲ್ಲಿ ದುಡ್ಡು ಕೇಳುವವರು ಬೇಕಾದಷ್ಟಿದ್ದಾರೆ, ಹುಷಾರು.

ತಿಳಿದುಕೊಳ್ಳಬೇಕಾದ್ದು ಎರಡಿವೆ. ಒಂದು, ಇದು ವ್ಯಕ್ತಿಗೆ, ಲಾಭಕ್ಕಾಗಿ ನಡೆಸುವ ಹೊಸ ವ್ಯಾಪಾರಕ್ಕೆ. ಸಂಘಕ್ಕಲ್ಲ, ಹೋರಾಟಕ್ಕಂತೂ ಅಲ್ಲ. ಎರಡು, ಅರ್ಜಿ ಲಕ್ಷಗಟ್ಟಲೆ ಬರುತ್ತವೆ, ಸಿಗುವುದು ಕೆಲವೇ ಸಾವಿರ ಜನರಿಗೆ. ನಿಮ್ಮ ಗುಂಪಿನಲ್ಲಿ ಇಂಗ್ಲಿಷ್ ಬಲ್ಲ ಹುಡುಗಿ ಯಾರಾದರೂ ಇದ್ದರೆ ಹಾಕಲಿ. ಅದನ್ನೇ ನಂಬಿ ಕೂರಬಾರದು.

ಜಾಕ್ ಮಾ ಅವರ ಪ್ರತಿಷ್ಠಾನದ ಆಫ್ರಿಕಾಸ್ ಬಿಸಿನೆಸ್ ಹೀರೋಸ್ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ವರ್ಷಕ್ಕೆ ಹತ್ತು ಜನರಿಗೆ ಒಟ್ಟು 15 ಲಕ್ಷ ಡಾಲರ್. ಆಗಲೇ ಬೆಳೆದು ನಿಂತ ಕಂಪನಿಗಳಿಗೆ ಅದು. ಸುಮ್ನೆ ಸಮಯ ಹಾಳು.

ಹಳೇ ನೈರೋಬಿ

ನಾನು ಈ ದೇಶದಲ್ಲಿ ಬಹಳ ವರ್ಷದಿಂದ ಇದ್ದೇನೆ. ಕಿಸುಮುವಿನ ತಮ್ಮನಿಗೆ ಕೀನ್ಯಾದ ಒಳಗಿನದ್ದನ್ನೇ ಮೊದಲು ತೋರಿಸಬೇಕು ಅನ್ನಿಸಿತು.

ಉವೆಝೋ ಫಂಡ್ ಅಂತ ಸರ್ಕಾರದ್ದು. ಹೆಂಗಸರು, ಯುವಕರು, ಅಂಗವಿಕಲರ ಗುಂಪುಗಳಿಗೆ. ಬಡ್ಡಿ ಇಲ್ಲ, ಒಂದು ಸಲ ಸಣ್ಣ ಆಡಳಿತ ಶುಲ್ಕ ಮಾತ್ರ. 50,000ದಿಂದ 5 ಲಕ್ಷ ಶಿಲ್ಲಿಂಗ್ ತನಕ ಅಂತ ನಿಯಮ. ಸಂಸತ್ ಕ್ಷೇತ್ರದ ಮಟ್ಟದಲ್ಲೇ ಅರ್ಜಿ. ಗುಂಪು ಒಳಗೊಳಗೆ ಉಳಿತಾಯ-ಸಾಲ ನಡೆಸುತ್ತಿರಬೇಕು, ಬ್ಯಾಂಕ್ ಖಾತೆ ಇರಬೇಕು. ಸವಿತಾ ಮೇಡಂ ಹೇಳಿದ ಪೆಟ್ಟಿಗೆ, ಖಾತೆ ಎಲ್ಲ ಇಲ್ಲಿಗೇ ಬಂದು ಸೇರುತ್ತದೆ ನೋಡಿ. ಇದಕ್ಕಿಂತ ಹಳೆಯದು 2007ರ ವಿಮೆನ್ ಎಂಟರ್‌ಪ್ರೈಸ್ ಫಂಡ್. ಇದಲ್ಲದೆ ಕೌಂಟಿಯ ಮಹಿಳಾ ಪ್ರತಿನಿಧಿಯ ಕಚೇರಿ ಮೂಲಕ ಬರುವ ಅನುದಾನ ಇದೆ, ಎನ್‌ಗಾಫ್ ಅಂತಾರೆ. ಅದು ಸಾಲ ಅಲ್ಲ. ರಾಜಕೀಯದ ವಾಸನೆ ಇರುತ್ತದೆ, ಆದರೂ ಕೇಳುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಹಸ್ಲರ್ ಫಂಡ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. 2022ರ ನವೆಂಬರಿನಲ್ಲಿ ಅಧ್ಯಕ್ಷ ರೂಟೊ ಸರ್ಕಾರ ತಂದ ಸಾಲ ಯೋಜನೆ. ಫೋನಿನಲ್ಲೇ 500ರಿಂದ 50,000 ಶಿಲ್ಲಿಂಗ್ ತನಕ, ವರ್ಷಕ್ಕೆ 8% ಬಡ್ಡಿ. ಬಡ್ಡಿ ಕಡಿಮೆಯೇ. ಆದರೆ ವಾಪಸ್ ಕಟ್ಟಲು ಹದಿನಾಲ್ಕು ದಿನ! ಕಳೆ ಕಿತ್ತು, ಒಣಗಿಸಿ, ಹೆಣೆದು, ಮಾರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ತರಕಾರಿ ಮಾರುವವಳಿಗೆ ಸರಿ, ಬುಟ್ಟಿಯವಳಿಗೆ ಅಲ್ಲ. ಸಾಲದ ಆ್ಯಪ್‌ಗಳ ಹತ್ತಿರವಂತೂ ಹೋಗಲೇಬೇಡಿ. ಅವರ ಕಾಟ ತಡೆಯಲಾರದೆ 2022ರಲ್ಲಿ ಸೆಂಟ್ರಲ್ ಬ್ಯಾಂಕ್ ನಿಯಮವನ್ನೇ ತರಬೇಕಾಯಿತು.

ಯಾರೂ ನೆನಪಿಸದ ಇನ್ನೊಂದು ದಾರಿ ಇದೆ. ಇಲ್ಲಿ ಸರ್ಕಾರದ ಖರೀದಿಯಲ್ಲಿ 30% ಹೆಂಗಸರು, ಯುವಕರು, ಅಂಗವಿಕಲರಿಗೆ ಮೀಸಲು. ಅಗ್ಪೋ ಅಂತಾರೆ. ಪ್ರಮಾಣಪತ್ರ ಪುಕ್ಕಟೆ. ಅನುದಾನಕ್ಕಿಂತ ಒಂದು ಆರ್ಡರ್ ಮೇಲು ಅನ್ನುವವನು ನಾನು. ತೊಂದರೆ ಏನೆಂದರೆ ಕೌಂಟಿಗಳು ಬಿಲ್ ಪಾಸು ಮಾಡಲು ತಿಂಗಳುಗಟ್ಟಲೆ ಸತಾಯಿಸುತ್ತವೆ. ಪೆಂಡಿಂಗ್ ಬಿಲ್ ಅನ್ನುವ ಮಾತು ಇಲ್ಲಿ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಮೊದಲ ಆರ್ಡರ್ ಚಿಕ್ಕದೇ ಇರಲಿ.

ಸರೋವರದ ದಡ

ಇಷ್ಟೊಂದು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಧನ್ಯವಾದ. ಆದರೆ ಇಷ್ಟೂ ಬುಟ್ಟಿಯ ಕಡೆಯದಾಯಿತು. ಕೊಳಚೆ ನೀರಿನ ಜಗಳಕ್ಕೆ? ನೀರಿನ ಪರೀಕ್ಷೆ ಮಾಡಿಸಬೇಕು, ವಕೀಲರಿಗೆ ಕೊಡಬೇಕು, ಸಭೆಗೆ ಬರುವವರ ಬಸ್ ಚಾರ್ಜು. ಅಧ್ಯಕ್ಷೆ ಹೇಳುವುದು, ಒಂದೇ ಅರ್ಜಿಯಲ್ಲಿ ಎರಡನ್ನೂ ಹಾಕಿಬಿಡೋಣ ಅಂತ.

ಹುಬ್ಳಿಯಾಂವ

ಎರಡು ದೋಣಿ ಮೇಲೆ ಕಾಲಿಟ್ಟಂಗ ಆಗ್ತದ ಸರ್ ಅದು. ಕೌಂಟಿಯಿಂದ ಬುಟ್ಟಿ ಆರ್ಡರ್ ಇಸ್ಕೊಂಡು, ಅದೇ ಕೌಂಟಿ ಮುಂದೆ ಧರಣಿ ಕೂತರೆ ಬಿಲ್ ಯಾರು ಪಾಸು ಮಾಡ್ತಾರೆ?

ಸವಿತಾ, ಕಂಪಾಲಾ

ಹುಬ್ಳಿಯವರು ತಮಾಷೆಗೆ ಹೇಳಿದರೂ ಸರಿಯಾಗಿ ಹೇಳಿದರು. ವ್ಯಾಪಾರದ ಹಣ ಕೊಡುವವರು ಲಾಭ ಎಷ್ಟು ಅಂತ ಕೇಳುತ್ತಾರೆ. ಹೋರಾಟಕ್ಕೆ ಕೊಡುವವರು ಏನು ಬದಲಾಯಿತು, ಯಾರಿಗೆ ಅಪಾಯ ಇದೆ ಅಂತ ಕೇಳುತ್ತಾರೆ. ಒಂದೇ ಅರ್ಜಿಯಲ್ಲಿ ಎರಡೂ ಇದ್ದರೆ ಇಬ್ಬರೂ ಬಿಡುತ್ತಾರೆ. ಸಂಘದ ಒಳಗೇ ಎರಡು ಖಾತೆ, ಎರಡು ಪುಸ್ತಕ ಮಾಡಿ. ಆದರೆ ಎರಡು ಸಂಘವೇ ಮಾಡುವುದು ಇನ್ನೂ ಒಳ್ಳೆಯದು. ಕೀನ್ಯಾದಲ್ಲಿ 2022ರ ಸಮುದಾಯ ಗುಂಪುಗಳ ಕಾಯ್ದೆ ಪ್ರಕಾರ ಹತ್ತು ಜನ ಇದ್ದರೆ ನೋಂದಣಿ ಆಗುತ್ತದೆ.

ಹೋರಾಟದ ಕಡೆಗೆ ನಾನು ನಂಬುವ ಹೆಸರುಗಳು ಇವು. ಆಫ್ರಿಕನ್ ವಿಮೆನ್ಸ್ ಡೆವಲಪ್‌ಮೆಂಟ್ ಫಂಡ್, ಘಾನಾದ ಅಕ್ರಾದಲ್ಲಿದೆ, 2000ದಲ್ಲಿ ಆಫ್ರಿಕಾದ ಹೆಂಗಸರೇ ಕಟ್ಟಿದ್ದು. ನೈರೋಬಿಯಲ್ಲಿ ಅರ್ಜೆಂಟ್ ಆ್ಯಕ್ಷನ್ ಫಂಡ್-ಆಫ್ರಿಕಾ. ಬೆದರಿಕೆ ಬಂದಾಗ, ಬಂಧನ ಆದಾಗ ಬೇಗ ಬೇಕಾದ ಸಣ್ಣ ಹಣಕ್ಕೆ ಅದೇ ಸರಿ. ಗುಂಪನ್ನು 35ರ ಒಳಗಿನ ಹುಡುಗಿಯರು ನಡೆಸುತ್ತಿದ್ದರೆ ಫ್ರೀಡಾ ಅನ್ನುವ ನಿಧಿ ಇದೆ. ನೋಂದಣಿ ಇಲ್ಲದಿದ್ದರೂ ಪರವಾಗಿಲ್ಲ ಅನ್ನುವ ಅಪರೂಪದವರು. ಅಲ್ಲಿ ಅರ್ಜಿ ಹಾಕಿದ ಗುಂಪುಗಳೇ ಒಬ್ಬರ ಅರ್ಜಿ ಒಬ್ಬರು ಓದಿ ಮತ ಹಾಕುತ್ತಾರೆ. ನನಗೆ ಬಹಳ ಹಿಡಿಸಿದ ಪದ್ಧತಿ.

ನಿಮ್ಮದು ನೀರಿನ ವಿಷಯ ಆದ್ದರಿಂದ ಜಿಇಎಫ್ (ಜಾಗತಿಕ ಪರಿಸರ ನಿಧಿ) ಸ್ಮಾಲ್ ಗ್ರಾಂಟ್ಸ್ ನೋಡಲೇಬೇಕು. 1992ರಿಂದ ಇದೆ, ವಿಶ್ವಸಂಸ್ಥೆಯ ಯುಎನ್‌ಡಿಪಿ ನಡೆಸುತ್ತದೆ, ಭಾರತದಲ್ಲೂ ಇದೆ. ಸಮುದಾಯದ ಗುಂಪುಗಳಿಗೆ 50,000 ಡಾಲರ್ ತನಕ ಕೊಟ್ಟಿದೆ. ಕಳೆ ತೆಗೆದು ಬುಟ್ಟಿ ಮಾಡುವುದೂ ಸರೋವರ ಉಳಿಸುವುದೂ ಒಟ್ಟಿಗೆ ಸೇರುವ ಜಾಗ ಇದೊಂದೇ. ಗ್ಲೋಬಲ್ ಗ್ರೀನ್‌ಗ್ರಾಂಟ್ಸ್ ಇನ್ನೂ ಸಣ್ಣ ಗುಂಪುಗಳಿಗೆ. ರಾಯಭಾರ ಕಚೇರಿಗಳನ್ನೂ ಮರೆಯಬೇಡಿ. ಸ್ಥಳೀಯ ಕೆಲಸಗಳಿಗೆ ಕೊಡುವ ಕೆನಡಾದ ಸಿಎಫ್‌ಎಲ್‌ಐ ನಿಧಿ ವರ್ಷಕ್ಕೊಮ್ಮೆ ಅರ್ಜಿ ಕರೆಯುತ್ತದೆ. ಜಪಾನಿನವರು ಕಟ್ಟಡ, ಸಲಕರಣೆಗೆ ಕೊಡುತ್ತಾರೆ. ಶೆಡ್ಡಿಗೆ ಅವರನ್ನು ಕೇಳಬಹುದು.

ಅಂಕಿ ಸಂಖ್ಯೆ

ಅಮೆರಿಕದ್ದು ಯಾರೂ ಹೇಳಲಿಲ್ಲ?

ಸವಿತಾ, ಕಂಪಾಲಾ

ಎರಡು ವರ್ಷದ ಹಿಂದೆ ಕೇಳಿದ್ದರೆ ಮೊದಲು ಅದನ್ನೇ ಹೇಳುತ್ತಿದ್ದೆ. ಯುಎಸ್ ಆಫ್ರಿಕನ್ ಡೆವಲಪ್‌ಮೆಂಟ್ ಫೌಂಡೇಶನ್ ಅಂತ, ಅಮೆರಿಕದ ಸಂಸತ್ತು 1980ರಲ್ಲಿ ಕಾನೂನು ಮಾಡಿ ಕಟ್ಟಿದ್ದು. ಸಹಕಾರ ಸಂಘ, ಉತ್ಪಾದಕರ ಗುಂಪುಗಳಿಗೆ ನೇರವಾಗಿ 2.5 ಲಕ್ಷ ಡಾಲರ್ ತನಕ ಕೊಡುತ್ತಿತ್ತು. ಮಧ್ಯವರ್ತಿ ಇಲ್ಲ. 2025ರ ಫೆಬ್ರವರಿಯಲ್ಲಿ ಟ್ರಂಪ್ ಅದರಲ್ಲಿ ಕಾನೂನಿಗೆ ಬೇಕಾದಷ್ಟು ಮಾತ್ರ ಉಳಿಸಿ, ಮಿಕ್ಕದ್ದು ನಿಲ್ಲಿಸಿ ಅಂತ ಆದೇಶ ಹೊರಡಿಸಿದರು. ಅದೇ ವರ್ಷ ಜುಲೈ 1ಕ್ಕೆ ಅಮೆರಿಕದ ನೆರವಿನ ಸಂಸ್ಥೆ ಯುಎಸ್‌ಏಡ್ ಕೂಡ ಮುಚ್ಚಿತು. ಬ್ರಿಟನ್ ತನ್ನ ನೆರವನ್ನು ರಾಷ್ಟ್ರೀಯ ವರಮಾನದ 0.5%ದಿಂದ 2027ರ ಹೊತ್ತಿಗೆ 0.3%ಕ್ಕೆ ಇಳಿಸುತ್ತದೆ. ಹಳೆಯ ಪಟ್ಟಿಗಳಲ್ಲಿ ಈ ಹೆಸರುಗಳು ಇನ್ನೂ ಇವೆ. ನಂಬಿ ಅರ್ಜಿ ಬರೆಯುತ್ತ ಕೂರಬೇಡಿ.

ಕೊಡುವವರು ಇದ್ದರೂ ತೆಗೆದುಕೊಳ್ಳಲು ಸರ್ಕಾರ ಬಿಡಬೇಕಲ್ಲ? ನಮ್ಮ ಉಗಾಂಡದಲ್ಲಿ ಯುರೋಪಿನ ದೇಶಗಳು ಸೇರಿ ನಡೆಸುತ್ತಿದ್ದ ಡಿಜಿಎಫ್ ನಿಧಿ ಇತ್ತು. ಮಾನವ ಹಕ್ಕು, ಚುನಾವಣೆ ನಿಗಾ ಮಾಡುವ ಎಷ್ಟೋ ಗುಂಪುಗಳು ಅದನ್ನೇ ನೆಚ್ಚಿದ್ದವು. 2021ರಲ್ಲಿ ಅಧ್ಯಕ್ಷ ಮುಸೆವೆನಿ ಒಂದು ಪತ್ರ ಬರೆದು ನಿಲ್ಲಿಸಿದರು. ಮುಂದಿನ ವರ್ಷ ಅದು ಮುಚ್ಚಿಯೇ ಹೋಯಿತು. ಅದೇ ಸರ್ಕಾರ 2022ರಲ್ಲಿ ಪ್ಯಾರಿಷ್ ಮಾಡೆಲ್ ಅಂತ ಪ್ರತಿ ಪ್ಯಾರಿಷ್‌ಗೆ (ಕೆಲವು ಹಳ್ಳಿಗಳ ಗುಂಪು) ವರ್ಷಕ್ಕೆ 10 ಕೋಟಿ ಉಗಾಂಡ ಶಿಲ್ಲಿಂಗ್, ಮನೆಗೆ 10 ಲಕ್ಷದ ತನಕ ಸಾಲ ಕೊಡಲು ಹೊರಟಿತು. ಕೋಳಿ ಸಾಕಲು ಹಣ ಇದೆ, ಪ್ರಶ್ನೆ ಕೇಳಲು ಇಲ್ಲ. ಇಥಿಯೋಪಿಯಾ 2009ರಲ್ಲಿ ಹಕ್ಕುಗಳ ಕೆಲಸ ಮಾಡುವ ಸಂಸ್ಥೆಗಳಿಗೆ ವಿದೇಶಿ ಹಣ 10% ಮೀರಬಾರದು ಅಂತ ಕಾನೂನು ತಂದಿತ್ತು. 2019ರಲ್ಲಿ ಬದಲಾಯಿಸಿತು. ಅಷ್ಟರಲ್ಲಿ ಎಷ್ಟೋ ಸಂಸ್ಥೆಗಳು ಆ ಕೆಲಸವನ್ನೇ ಬಿಟ್ಟಿದ್ದವು. ವಿದೇಶಿ ದೇಣಿಗೆಯ ಮೇಲಿನ ನಮ್ಮ ಎಫ್‌ಸಿಆರ್‌ಎ ಕಾನೂನು ಕಂಡವರಿಗೆ ಇದೇನು ಅರ್ಥವಾಗದ ವಿಷಯ ಅಲ್ಲ.

ಲಾಗೋಸ್ ಭಟ್ರು

ನಾವು ಅದನ್ನು 2020ರಲ್ಲಿ ಕಣ್ಣಾರೆ ಕಂಡೆವು. ಪೊಲೀಸರ ಸಾರ್ಸ್ ದಳದ ವಿರುದ್ಧ ಯುವಕರು ಬೀದಿಗೆ ಬಂದರು. ಫೆಮಿನಿಸ್ಟ್ ಕೊಯಲಿಷನ್ ಅನ್ನುವ ಹೆಂಗಸರ ಚಿಕ್ಕ ಗುಂಪು ಹಣ ಒಟ್ಟು ಮಾಡಿತು. ಊಟ, ಆಂಬುಲೆನ್ಸ್, ವಕೀಲರು, ಎಲ್ಲಕ್ಕೂ. ಅವರ ಪಾವತಿ ಲಿಂಕ್ ಮುಚ್ಚಿಹೋಯಿತು. ಬಿಟ್‌ಕಾಯಿನ್‌ನಲ್ಲಿ ತೆಗೆದುಕೊಂಡರು. ಎರಡು ವಾರದಲ್ಲಿ ಸುಮಾರು 14.7 ಕೋಟಿ ನೈರಾ. ಬಂದದ್ದೆಷ್ಟು, ಹೋದದ್ದೆಲ್ಲಿ ಅಂತ ಲೆಕ್ಕವನ್ನು ಆಗಾಗ ಎಲ್ಲರ ಮುಂದೆ ಹಾಕುತ್ತಿದ್ದರು. ಜನ ಕೊಟ್ಟದ್ದೇ ಅದಕ್ಕೆ.

ಹಳೇ ನೈರೋಬಿ

ಇಲ್ಲೂ ಅದೇ. 2024ರ ಜೂನಿನಲ್ಲಿ ಹಣಕಾಸು ಮಸೂದೆ ವಿರುದ್ಧ ಪ್ರತಿಭಟನೆ ಆದಾಗ ಗಾಯಗೊಂಡವರ ಆಸ್ಪತ್ರೆ ಬಿಲ್, ಸತ್ತವರ ಮಣ್ಣಿನ ಖರ್ಚಿಗೆ ಎಂ-ಚಾಂಗಾ ಅನ್ನುವ ಇಲ್ಲಿನದೇ ವೇದಿಕೆಯಲ್ಲಿ ಸುಮಾರು 3 ಕೋಟಿ ಶಿಲ್ಲಿಂಗ್ ಕೂಡಿತು. ಹೆಚ್ಚಿನವು ಐವತ್ತು, ನೂರು ಶಿಲ್ಲಿಂಗಿನ ಸಣ್ಣ ಮೊತ್ತಗಳೇ ಅಂತ ನನ್ನ ಅಂದಾಜು. ಹರಂಬೀ ಅಂತ ಕೈ ಜೋಡಿಸುವ ಅಭ್ಯಾಸ ಈ ದೇಶಕ್ಕೆ ಮೊದಲಿನಿಂದ ಇದೆ.

ವಂಗಾರಿ ಮಾಥಾಯಿಯವರ ಗ್ರೀನ್ ಬೆಲ್ಟ್ ಚಳವಳಿಯನ್ನೂ ಹೇಳಬೇಕು. 1977ರಲ್ಲಿ ಶುರುವಾದಾಗ ಗಿಡ ನೆಟ್ಟ ಹೆಂಗಸರಿಗೆ, ಬದುಕಿದ ಪ್ರತಿ ಸಸಿಗೆ ಕೆಲವು ಸೆಂಟ್‌ಗಳಷ್ಟು ಹಣ ಸಿಗುತ್ತಿತ್ತು. ನೆಟ್ಟದ್ದಕ್ಕಲ್ಲ, ಬದುಕಿದ್ದಕ್ಕೆ. ಅಲ್ಲಿ ದುಡಿಮೆಯೂ ಹೋರಾಟವೂ ಒಂದೇ ಆಗಿತ್ತು, ಅಲ್ವಾ? ಆದರೆ 1989ರಲ್ಲಿ ನೈರೋಬಿಯ ಉಹುರು ಪಾರ್ಕಿನಲ್ಲಿ ಸರ್ಕಾರ ಕಟ್ಟಲು ಹೊರಟ ಗಗನಚುಂಬಿ ಕಟ್ಟಡವನ್ನು ವಿರೋಧಿಸಿದಾಗ ಸರ್ಕಾರ ಅವರನ್ನು ಕಚೇರಿಯಿಂದಲೇ ಹೊರಗೆ ಹಾಕಿತು. ಕಟ್ಟಡ ಬರಲಿಲ್ಲ, ಅದು ಬೇರೆ ಮಾತು. ಸರ್ಕಾರಿ ಜಾಗದಲ್ಲಿದ್ದುಕೊಂಡು ಸರ್ಕಾರವನ್ನು ಕೇಳಿದರೆ ಇಷ್ಟು ಬೆಲೆ ತೆರಬೇಕಾಗುತ್ತದೆ.

ತಮ್ಮಾ, ನೀನು ಅಲ್ಲಿ ಪರವಾನಗಿ ಮೇಲೆ ಕೆಲಸ ಮಾಡುವ ವಿದೇಶಿ. ಲೆಕ್ಕ ಬರೆದು ಕೊಡು, ಕಲಿಸಿಕೊಡು. ಸಹಿ ಹಾಕಬೇಡ, ಮೆರವಣಿಗೆಯ ಮುಂದೆ ನಿಲ್ಲಬೇಡ.

ಸರೋವರದ ದಡ

ಆಗಲಿ ಅಣ್ಣ, ಆ ಮಾತು ಇಟ್ಟುಕೊಳ್ಳುತ್ತೇನೆ. ಭಾನುವಾರ ಸಭೆ ಸೇರಿದ್ದರು. ನಾನು ಇಲ್ಲಿನದ್ದನ್ನೆಲ್ಲ ಹೇಳಿದೆ. ಗುಂಪಿನ ಹೆಸರಿನಲ್ಲಿ ಬ್ಯಾಂಕ್ ಖಾತೆಗೆ ಒಪ್ಪಿದರು. ಉವೆಝೋ ಅರ್ಜಿಯ ಫಾರಂ ತರಲು ಇಬ್ಬರನ್ನು ಕಳಿಸುತ್ತಾರೆ. ಜಿಇಎಫ್ ಅರ್ಜಿಯನ್ನು ನಾನು ಓದಿ ಹೇಳಬೇಕಂತೆ. ಬಸ್ ಚಾರ್ಜಿಗೆ ಯಾರನ್ನೂ ಕೇಳುವುದು ಬೇಡ, ಬುಟ್ಟಿಗೆ ಹತ್ತು ಶಿಲ್ಲಿಂಗಿನಂತೆ ತೆಗೆದಿಡೋಣ ಅಂತ ಅವರೇ ತೀರ್ಮಾನ ಮಾಡಿದರು.

ಸಿಕ್ಕಿಹಾಕಿಕೊಂಡಿರುವುದು ಒಂದೇ ಕಡೆ. ಎರಡು ಸಂಘ ಮಾಡಲು ಎಲ್ಲರೂ ತಯಾರು. ಆದರೆ ಅಧ್ಯಕ್ಷೆ ಎರಡಕ್ಕೂ ತಾನೇ ಇರುತ್ತೇನೆ ಅನ್ನುತ್ತಾಳೆ. ಆಕೆಯನ್ನು ಬಿಟ್ಟರೆ ಕೌಂಟಿಯವರ ಮುಂದೆ ಗಟ್ಟಿಯಾಗಿ ಮಾತಾಡುವವರು ಇನ್ನೊಬ್ಬರಿಲ್ಲ ಅನ್ನುವುದೂ ನಿಜ.

ಸವಿತಾ, ಕಂಪಾಲಾ

ಹಾಗಾದರೆ ಹೋರಾಟದ ಸಂಘಕ್ಕೆ ಆಕೆ ಅಧ್ಯಕ್ಷೆಯಾಗಲಿ. ಬುಟ್ಟಿ ಸಂಘಕ್ಕೆ ಬೇರೆಯವರು. ಒಪ್ಪದಿದ್ದರೆ ಒಂದು ವರ್ಷಕ್ಕೆ ಮಾತ್ರ ಎರಡೂ ಕಡೆ ಅಂತ ನಿಯಮಾವಳಿಯಲ್ಲೇ ಬರೆಸಿ. ಖಜಾಂಚಿ ಮಾತ್ರ ಯಾವ ಕಾರಣಕ್ಕೂ ಎರಡಕ್ಕೂ ಒಬ್ಬರೇ ಬೇಡ. ಆಕೆಯ ತಂಗಿಯೂ ಬೇಡ.

ಸರೋವರದ ದಡ

ಈಗಿನ ಖಜಾಂಚಿ ಆಕೆಯ ತಂಗಿಯೇ ಮೇಡಂ.

ಹುಬ್ಳಿಯಾಂವ

ಮುಂದಿನ ಭಾನುವಾರದ ಸಭೆ ಜೋರ್ ಇರ್ತದ ಹಂಗಾರ.